ಏಳು ಕಿಲೋ ಬಾಕಿ

ಕುತೈಸಿಯಲ್ಲಿ ಆ ಚಳಿಗಾಲ ಕರೆಂಟು
ದಿನಕ್ಕೆ ಒಂದು ಗಂಟೆ, ಯಾವ ಗಂಟೆ ಅಂತಿಲ್ಲ.
ಕೂಪನ್ ನೋಟಿಗೆ ಬೆಳಗ್ಗೆ ಇದ್ದ ಬೆಲೆ
ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ.
ಮಾರುಕಟ್ಟೆಯ ಮಂದಿ ಕೊಳ್ಳುವುದು ಬಿಡಲಿಲ್ಲ,
ಕೊಡುವುದು ಬಿಟ್ಟರು.
ಎಲ್ಲ ಕೈಗಡ. ಎಲ್ಲ ನಾಳೆ.

ನಾನು ಎತೇರಿ, ಗಣಿತದ ಟೀಚರು.
ಶಾಲೆ ಮುಚ್ಚಿತ್ತು, ಬೆಂಚುಗಳು ಒಲೆ ಸೇರಿದ್ದವು.
"ಕರಿಹಲಗೆ ಉಳಿದಿದೆಯಲ್ಲ," ಅಂದಳು ಚೀಸ್ ಮಾರುವ ತ್ಸಿಯಾಲಾ,
"ಯಾರು ಯಾರಿಗೆ ಎಷ್ಟು, ಬಿಡಿಸಿಕೊಡು ಮಾರಾಯ್ತಿ,
ಮಾತು ತಕ್ಕಡಿಕಲ್ಲಿನ ತನಕ ಬಂದಿದೆ."

ಮೊದಲು ಎಲ್ಲವನ್ನೂ ಮೆಕ್ಕೆಜೋಳದ ಹಿಟ್ಟಿಗೆ ತಿರುಗಿಸಿದೆ:
ಸೀಮೆಎಣ್ಣೆಗೆ ಇಷ್ಟು ಕಿಲೋ,
ಒಂದು ಜೊತೆ ಅಟ್ಟೆಗೆ ಇಷ್ಟು, ಒಂದು ಇಂಜೆಕ್ಷನ್ನಿಗೆ ಇಷ್ಟು.
ಹಿಟ್ಟು ನೋಟಿನ ಹಾಗಲ್ಲ,
ಹುಳ ಬಿದ್ದರೂ ತೂಗುತ್ತದೆ.

ಆಮೇಲೆ ಒಬ್ಬೊಬ್ಬರಿಗೆ ಒಂದು ಚುಕ್ಕಿ,
ಕೊಡಬೇಕಾದವರಿಂದ ಬರಬೇಕಾದವರಿಗೆ ಒಂದು ಬಾಣ.
ಬಾಣಕ್ಕೆ ಮುಖ ಇರಬೇಕು.
ನಾನು ನಿನಗೆ ಅನ್ನುವುದಕ್ಕೂ
ನೀನು ನನಗೆ ಅನ್ನುವುದಕ್ಕೂ ನಡುವೆ
ಎಷ್ಟು ಮನೆ ಮುರಿದಿಲ್ಲ!
ನಲವತ್ತೊಂದು ಚುಕ್ಕಿ,
ಬಾಣಗಳು ನೂರಕ್ಕೆ ಮೂರು ಕಡಿಮೆ.
ಹಲಗೆಯ ಮೇಲೊಂದು ಮುಳ್ಳುಹಂದಿ ಮಲಗಿದ ಹಾಗೆ.

ಉಪಾಯ ಹಳೆಯದು, ಬೆಪ್ಪನಿಗೂ ಬರುತ್ತದೆ:
ಒಂದು ಚುಕ್ಕಿಯಲ್ಲಿ ನಿಲ್ಲು. ಬಾಣ ತೋರಿದತ್ತ ನಡೆ.
ಹೋದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕು.
ದಾರಿ ಮುಗಿದರೆ ಒಂದು ಹೆಜ್ಜೆ ಹಿಂದೆ ಬಾ,
ಇನ್ನೊಂದು ಬಾಣ ಹಿಡಿ.
ನಡೆಯುತ್ತಿರುವ ದಾರಿಯದೇ ಗುರುತು ಎದುರಾದರೆ
ನಿಲ್ಲು, ಸುತ್ತು ಸಿಕ್ಕಿತು.
ಸುತ್ತಿನ ಅತಿ ಸಣ್ಣ ಸಾಲ ಯಾವುದೋ
ಅಷ್ಟನ್ನು ಎಲ್ಲ ಬಾಣದಿಂದಲೂ ಕಳೆ.
ಯಾರ ಜೇಬೂ ಹಗುರಾಗುವುದಿಲ್ಲ, ಯಾರ ಚೀಲವೂ ತುಂಬುವುದಿಲ್ಲ,
ಒಂದು ಬಾಣ ಮಾತ್ರ ಉದುರುತ್ತದೆ.

ಬೂಟು ಹೊಲಿಯುವ ಉಷಾಂಗಿ ತ್ಸಿಯಾಲಾಗೆ ಹನ್ನೆರಡು,
ತ್ಸಿಯಾಲಾ ಸೀಮೆಎಣ್ಣೆಯ ಓತಿಯಾಗೆ ಒಂಬತ್ತು,
ಓತಿಯಾ ನರ್ಸ್ ನಜಿಬ್ರೋಲಾಗೆ ಏಳು,
ನಜಿಬ್ರೋಲಾ ಉಷಾಂಗಿಗೆ ಎಂಟು.
ಏಳು ಕಳೆದೆ.
ಐದು. ಎರಡು. ಸೊನ್ನೆ. ಒಂದು.
ಉಷಾಂಗಿ ಎದ್ದು ಕೂಗಿದ,
"ಕೊಡದೆಯೇ ತೀರಿತೇ! ನೀನು ಟೀಚರಲ್ಲ, ಪಾದ್ರಿ!"

ಸಂಜೆಗೆ ಹಲಗೆ ಮುಕ್ಕಾಲು ಬೋಳು.
ಉಳಿದ ಬಾಣಗಳೆಲ್ಲ ಇಳಿಜಾರು ಹಿಡಿದಿದ್ದವು,
ಸೇತುವೆಯ ಕೆಳಗೆ ಬಿಳಿಗಲ್ಲು ಸವರಿಕೊಂಡು
ರಿಯೋನಿ ಹೋಗುವ ಹಾಗೆ,
ಎಲ್ಲೂ ತಿರುಗಿ ಬಾರದೆ.

ಎಲ್ಲರೂ ಹೋದ ಮೇಲೆ ಓತಿಯಾ ಬಂದ.
ಟೋಪಿ ಕೈಯಲ್ಲಿ, ಕೈಗೆ ಸೀಮೆಎಣ್ಣೆಯ ವಾಸನೆ.
"ನನ್ನದರಲ್ಲಿ ತಪ್ಪಿಲ್ಲವೇ? ಇನ್ನೊಂದು ಸಲ ನೋಡು."
ನೋಡಿದೆ. ತಪ್ಪಿರಲಿಲ್ಲ.
ಅದು ಅವನ ಹೆಂಡತಿಯ ಕೊನೆಯ ತಿಂಗಳ ಇಂಜೆಕ್ಷನ್ನಿನ ಸಾಲ.
ಶನಿವಾರ ಶನಿವಾರ ನಜಿಬ್ರೋಲಾಳ ನಾಲ್ಕು ಮಹಡಿ ಹತ್ತಿ
ಕಾಲು ಕಿಲೋ ಕೊಟ್ಟು ಎರಡು ಗಂಟೆ ಕೂತಿರುತ್ತಿದ್ದ,
ಅದು ಮಾರುಕಟ್ಟೆಗೆಲ್ಲ ಗೊತ್ತು,
ಹಲಗೆಗೆ ಗೊತ್ತಿರಲಿಲ್ಲ.
"ಏನೆಂದು ಬಾಗಿಲು ತಟ್ಟಲಿ?" ಅಂದ.

ಋಣ ತೀರಿತು ಅನ್ನುವುದು
ಸತ್ತವರನ್ನು ಕಳಿಸಿ ಬಂದು ಆಡುವ ಮಾತು.
ಇಡೀ ದಿನ ನಾನು ಅದನ್ನೇ ನಗುನಗುತ್ತ ಆಡಿದ್ದೆ.
ಒರೆಸುವ ಬಟ್ಟೆ ಜಾಡಿಸಿದೆ. ಕೆಮ್ಮು ಬಂತು.
ಅಳಿಸಿದ ಬಾಣ ಮತ್ತೆ ಬರೆಯಲು ನನಗೇನು ಅಧಿಕಾರ?

ಮುಂದಿನ ವಾರ ತ್ಸಿಯಾಲಾ ಹೊಸ ಪುಸ್ತಕ ತಂದಳು,
ಸುತ್ತು ಬೆಳೆಯದಂತೆ ತಿಂಗಳಿಗೊಮ್ಮೆ ನೋಡಲಿ ಅಂತ.
ಮೊದಲ ಸಾಲು ಔಷಧಿ ಚೀಟಿಯ ಅಕ್ಷರದಲ್ಲಿತ್ತು:
"ನಜಿಬ್ರೋಲಾ, ಓತಿಯಾಗೆ,
ಸೀಮೆಎಣ್ಣೆ ಒಂದು ಲೀಟರು, ಕೈಗಡ."

ಬಾಣ ಬರೆದೆ. ಮುಖ ಈ ಸಲ ಇತ್ತ.
ಆಸ್ಪತ್ರೆಯ ಪಾಲಿನ ಎರಡು ಕ್ಯಾನು
ಅವಳ ಬಾಲ್ಕನಿಯಲ್ಲಿ ತುಂಬಿ ಕೂತದ್ದನ್ನು
ಆ ಬೆಳಗ್ಗೆಯೇ ಕಂಡಿದ್ದೆ.